ತೊಗರಿ ಒಂದೇ, ಬಾಗಿಲು ಹಲವು

ಬೆಲೆ ಬಿದ್ದರೆ ದಿಲ್ಲಿ ಕಾರಣ. ಗೊಬ್ಬರ ಸಿಗದಿದ್ದರೆ ದಿಲ್ಲಿ ಕಾರಣ. ವಿಮೆ ದುಡ್ಡು ಬಾರದಿದ್ದರೂ ದಿಲ್ಲಿಯೇ ಕಾರಣ. ನಮ್ಮೂರ ಕಟ್ಟೆಗಳಲ್ಲಿ ದಿನಾ ಕೇಳುವ ಮಾತಿದು. ಕೆಲವರ ಬಾಯಲ್ಲಿ ದಿಲ್ಲಿಯ ಜಾಗದಲ್ಲಿ ಬೆಂಗಳೂರು ಬರುತ್ತದೆ. ಯಾರು ಯಾವ ಪಕ್ಷದ ಕಡೆ ಅನ್ನುವುದರ ಮೇಲೆ ಊರಿನ ಹೆಸರು ಬದಲಾಗುತ್ತದೆ, ಅಷ್ಟೇ.

ನಮ್ಮ ಗುಂಪಿನಲ್ಲಿ ಹೆಚ್ಚಿನವರು ಹೊಲ ಇರುವ ಮನೆಯಿಂದ ಬಂದವರು. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಗೆಳೆಯರ ಮನೆಗಳಲ್ಲಿ ತೊಗರಿಯೇ ವರ್ಷದ ಮುಖ್ಯ ಆದಾಯ. ಮಕ್ಕಳ ಫೀಸು, ಮದುವೆ ಸಾಲ, ಮನೆಯ ಪತ್ರಾಸು ಎಲ್ಲವೂ ಜನವರಿಯ ರಾಶಿ ನೋಡಿಕೊಂಡು ನಿಲ್ಲುತ್ತವೆ. ಹಾಗಾಗಿ ತೊಗರಿಯ ದರ ಕ್ವಿಂಟಲ್‌ಗೆ ಸಾವಿರ ರೂಪಾಯಿ ಇಳಿದರೆ ಅದು ನಮಗೆ ಪೇಪರಿನ ಸುದ್ದಿಯಾಗಿ ಉಳಿಯುವುದಿಲ್ಲ.

ಆ ಸಾವಿರ ರೂಪಾಯಿ ಎಲ್ಲಿ ಹೋಯಿತು ಅಂತ ಹುಡುಕಲು ಹೊರಟಾಗ ನಮಗೆ ಕಂಡಿದ್ದಿಷ್ಟು. "ಕೇಂದ್ರ ಕೃಷಿ ಸಚಿವಾಲಯ" ಅಂತ ನಾವು ಒಂದೇ ಉಸಿರಲ್ಲಿ ಹೇಳುವ ಮನೆಯ ಕೈಯಲ್ಲಿ ನಾವು ಅಂದುಕೊಂಡಷ್ಟು ಕೆಲಸಗಳಿಲ್ಲ. ತೊಗರಿಗೆ ಸಂಬಂಧಪಟ್ಟ ಹಲವು ತೀರ್ಮಾನಗಳು ಬೇರೆ ಸಚಿವಾಲಯಗಳಲ್ಲಿ, ಕೆಲವು ಬೆಂಗಳೂರಿನಲ್ಲಿ, ಇನ್ನು ಕೆಲವು ನಮ್ಮ ತಾಲೂಕಿನಲ್ಲೇ ಆಗುತ್ತವೆ. ತಪ್ಪು ಬಾಗಿಲು ತಟ್ಟಿದರೆ ಒಳಗಿದ್ದವರು "ಇದು ನಮ್ಮದಲ್ಲ" ಅನ್ನುತ್ತಾರೆ. ಅವರು ಹೇಳುವುದು ಸುಳ್ಳೂ ಆಗಿರುವುದಿಲ್ಲ. ನಮ್ಮ ದಿನ ಮಾತ್ರ ಹಾಳಾಗುತ್ತದೆ.

ಅದಕ್ಕೇ ಒಂದೇ ಬೆಳೆಯನ್ನು ಕೈಯಲ್ಲಿ ಹಿಡಿದು, ಬಿತ್ತನೆಯಿಂದ ಮಾರಾಟದವರೆಗೆ ಯಾವ ಬಾಗಿಲು ಯಾರದು ಅಂತ ಬರೆದಿಡೋಣ ಅನ್ನಿಸಿತು. ರಾಗಿ, ಕೊಬ್ಬರಿ, ಹತ್ತಿ ಬೆಳೆಯುವವರೂ ಓದಿ. ನಿಮ್ಮ ಬೆಳೆಯ ದಾರಿಯೂ ಹೆಚ್ಚುಕಡಿಮೆ ಹೀಗೇ ಇದೆ.

ಕೃಷಿ ರಾಜ್ಯದ್ದು ಅಂದಮೇಲೆ ದಿಲ್ಲಿಗೇನು ಕೆಲಸ?

ಸಂವಿಧಾನದ 7ನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಒಂದು ಕೇಂದ್ರದ ಕೆಲಸಗಳದ್ದು, ಒಂದು ರಾಜ್ಯದ್ದು, ಇನ್ನೊಂದು ಇಬ್ಬರಿಗೂ ಸೇರಿದ್ದು. ರಾಜ್ಯ ಪಟ್ಟಿಯ 14ನೇ ನಮೂದು ಕೃಷಿ. ಕೃಷಿ ಶಿಕ್ಷಣ, ಸಂಶೋಧನೆ, ಕೀಟ ಮತ್ತು ರೋಗದಿಂದ ರಕ್ಷಣೆ ಕೂಡ ಅದರಲ್ಲೇ ಇವೆ. ಸಂತೆ, ಮಾರುಕಟ್ಟೆ 28ನೇ ನಮೂದಿನಲ್ಲಿವೆ. ಅಂದರೆ ಬರಹದ ಪ್ರಕಾರ ಹೊಲವೂ ರಾಜ್ಯದ್ದು, ಎಪಿಎಂಸಿಯೂ ರಾಜ್ಯದ್ದು.

ಆದರೆ ವಿದೇಶ ವ್ಯಾಪಾರ ಕೇಂದ್ರದ ಪಟ್ಟಿಯಲ್ಲಿದೆ. ಆಹಾರ ಪದಾರ್ಥಗಳ ವ್ಯಾಪಾರ ಇಬ್ಬರಿಗೂ ಸೇರಿದ ಪಟ್ಟಿಯಲ್ಲಿದೆ. 2020ರಲ್ಲಿ ಕೇಂದ್ರ ಮೂರು ಕೃಷಿ ಕಾಯ್ದೆ ತಂದಾಗ ತನಗೆ ಅಧಿಕಾರವಿದೆ ಅಂತ ತೋರಿಸಿದ್ದು ಈ ಮೂರನೇ ಪಟ್ಟಿಯ 33ನೇ ನಮೂದನ್ನು. ದಿಲ್ಲಿ ಗಡಿಯಲ್ಲಿ ರೈತರು ಒಂದು ವರ್ಷಕ್ಕೂ ಹೆಚ್ಚು ಕಾಲ ಕೂತರು. 2021ರಲ್ಲಿ ಆ ಕಾಯ್ದೆಗಳು ವಾಪಸಾದವು. ಅಧಿಕಾರ ಯಾರದು ಅನ್ನುವ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ಈ ಸಚಿವಾಲಯದ ಬೇರು ಬ್ರಿಟಿಷರ ಕಾಲದ್ದು. ಲಾರ್ಡ್ ಮೇಯೊ ವೈಸರಾಯ್ ಆಗಿದ್ದಾಗ 1871ರಲ್ಲಿ ಕಂದಾಯ, ಕೃಷಿ ಮತ್ತು ವಾಣಿಜ್ಯ ಮೂರನ್ನೂ ಸೇರಿಸಿ ಒಂದು ಇಲಾಖೆ ಮಾಡಿದರು. ಮುಂದೆ ಕಾಂಗ್ರೆಸ್ ಸ್ಥಾಪಿಸಿದವರಲ್ಲಿ ಒಬ್ಬರಾದ ಎ.ಓ. ಹ್ಯೂಮ್ ಅದರ ಕಾರ್ಯದರ್ಶಿ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಒಳ್ಳೆಯ ಹತ್ತಿ ಬೇಕು ಅನ್ನುವ ಒತ್ತಡ ಅದರ ಹಿಂದಿತ್ತು. 1879ರಲ್ಲಿ ಆ ಇಲಾಖೆ ಮುಚ್ಚಿತು. 1876ರಿಂದ 78ರವರೆಗೆ ಮೈಸೂರು ಸೀಮೆ, ಬಳ್ಳಾರಿ ಸೇರಿದಂತೆ ದಕ್ಷಿಣವನ್ನೆಲ್ಲ ತಿಂದುಹಾಕಿದ ಬರದ ನಂತರ ಕ್ಷಾಮ ಆಯೋಗ ಇಂಥ ಇಲಾಖೆ ಬೇಕೇ ಬೇಕು ಅಂದಿತು. 1881ರಲ್ಲಿ ಅದು ಮತ್ತೆ ತೆರೆಯಿತು.

ಒಂದು ಕಡೆ ಹೊರಗಿನವರಿಗೆ ಬೇಕಾದ ಸರಕು, ಇನ್ನೊಂದು ಕಡೆ ಒಳಗಿನ ಹಸಿವು. ಬೆಳೆದವನ ಲಾಭ ನಷ್ಟ ಆಗಿನ ಲೆಕ್ಕದಲ್ಲಿ ಹಿಂದೆಯೇ ಇತ್ತು. "ರೈತರ ಕಲ್ಯಾಣ" ಅನ್ನುವ ಪದ ಸಚಿವಾಲಯದ ಹೆಸರಿಗೆ ಸೇರಿದ್ದು 2015ರಲ್ಲಿ.

ಹೆಸರು ಉದ್ದವಾದರೂ ಮನೆ ಚಿಕ್ಕದಾಗಿದೆ. ಪಶುಸಂಗೋಪನೆ, ಹೈನುಗಾರಿಕೆ, ಮೀನುಗಾರಿಕೆ 2019ರಲ್ಲಿ ಬೇರೆ ಸಚಿವಾಲಯವಾದವು. ಸಹಕಾರ 2021ರಲ್ಲಿ ಬೇರೆಯಾಯಿತು. ಈಗ ಇಲ್ಲಿ ಎರಡು ಇಲಾಖೆಗಳಿವೆ. ಒಂದು ಕೃಷಿ ಮತ್ತು ರೈತರ ಕಲ್ಯಾಣದ್ದು, ಇನ್ನೊಂದು ಕೃಷಿ ಸಂಶೋಧನೆ ಮತ್ತು ಶಿಕ್ಷಣದ್ದು.

ಬೀಜದ ಬಾಗಿಲು

ತೊಗರಿ ಬೆಳೆಯುವವರಿಗೆ ನೆಟೆ ರೋಗ ಅಂದರೆ ಎದೆ ಝಲ್ ಅನ್ನುತ್ತದೆ. ಹೂ ಬಿಟ್ಟು, ಕಾಯಿ ಕಟ್ಟುವ ಹೊತ್ತಿಗೆ ನಿಂತ ಗಿಡ ನಿಂತಲ್ಲೇ ಒಣಗುತ್ತದೆ. ರೋಗ ಮಣ್ಣಿನಲ್ಲಿರುವುದರಿಂದ ಗಿಡಕ್ಕೆ ಎಷ್ಟು ಔಷಧ ಹೊಡೆದರೂ ಅಷ್ಟಕ್ಕಷ್ಟೇ. ತಡೆಯುವ ಶಕ್ತಿ ಇರುವ ತಳಿ ಬಿತ್ತುವುದು, ಬೀಜೋಪಚಾರ ಮಾಡುವುದು, ಬೆಳೆ ಬದಲಾಯಿಸುವುದು, ದಾರಿ ಇವೇ.

ಈ ವಿಷಯದಲ್ಲಿ ದಿಲ್ಲಿಯ ಕೈ ನಿಜವಾಗಿಯೂ ಹೊಲದವರೆಗೆ ಬರುತ್ತದೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು, ಎಲ್ಲರೂ ಐಸಿಎಆರ್ ಅನ್ನುವ ಸಂಸ್ಥೆ, 1929ರಲ್ಲಿ ಹುಟ್ಟಿತು. ಅದರ ಬೇಳೆಕಾಳು ಸಂಶೋಧನಾ ಸಂಸ್ಥೆ ಕಾನ್ಪುರದಲ್ಲಿದೆ. ನಮ್ಮ ರಾಯಚೂರು ಕೃಷಿ ವಿಶ್ವವಿದ್ಯಾಲಯ ರಾಜ್ಯದ್ದು, ಅದರ ಕಲಬುರಗಿ ಸಂಶೋಧನಾ ಕೇಂದ್ರ ದೇಶದ ಮಟ್ಟದ ತೊಗರಿ ಪ್ರಯೋಗಗಳಲ್ಲಿ ಸೇರಿದೆ. ಟಿಎಸ್-3ಆರ್, ಜಿಆರ್‌ಜಿ-811 ಅಂತ ನಾವು ಕೇಳಿ ತರುವ ಬೀಜ ಬಂದದ್ದು ಕಲಬುರಗಿಯಿಂದಲೇ.

ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಅಂದರೆ ಕೆವಿಕೆ, ಇದೇ ಸಾಲಿಗೆ ಸೇರಿದ್ದು. ಮೊದಲ ಕೆವಿಕೆ 1974ರಲ್ಲಿ ಪುದುಚೇರಿಯಲ್ಲಿ ಶುರುವಾಯಿತು. ಈಗ ದೇಶದಲ್ಲಿ 700ಕ್ಕೂ ಹೆಚ್ಚು ಇವೆ. ಐಸಿಎಆರ್ ದುಡ್ಡು ಕೊಡುತ್ತದೆ, ನಮ್ಮ ರಾಜ್ಯದಲ್ಲಿ ಹೆಚ್ಚಿನವನ್ನು ಕೃಷಿ ವಿಶ್ವವಿದ್ಯಾಲಯಗಳು ನಡೆಸುತ್ತವೆ. ಹೋಬಳಿಯ ರೈತ ಸಂಪರ್ಕ ಕೇಂದ್ರ ಮಾತ್ರ ರಾಜ್ಯ ಕೃಷಿ ಇಲಾಖೆಯದ್ದು. ಸಬ್ಸಿಡಿ ಬೀಜ, ಜಿಪ್ಸಂ, ಔಷಧ ಬೇಕಾದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು. ಗಿಡ ಯಾಕೆ ಸಾಯುತ್ತಿದೆ ಅಂತ ತಿಳಿಯಬೇಕಾದರೆ ಬೇರು ಸಮೇತ ಕಿತ್ತ ಗಿಡ ಹಿಡಿದುಕೊಂಡು ಕೆವಿಕೆಗೆ ಹೋಗಬೇಕು. ಈ ಎರಡು ಕಡೆ ಕೇಳುವ ಪ್ರಶ್ನೆ ಬೇರೆ ಬೇರೆ.

ಕಾಯಿಕೊರಕಕ್ಕೆ ಔಷಧ ಕೊಳ್ಳುವಾಗಲೂ ಸಚಿವಾಲಯದ ಒಂದು ಕೈ ಡಬ್ಬಿಯ ಮೇಲಿರುತ್ತದೆ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಯಾವ ಔಷಧವನ್ನು ಯಾವ ಬೆಳೆಗೆ, ಯಾವ ಹುಳಕ್ಕೆ ಮಾರಬಹುದು ಅಂತ ಫರೀದಾಬಾದಿನಲ್ಲಿರುವ ನೋಂದಣಿ ಸಮಿತಿ ತೀರ್ಮಾನಿಸುತ್ತದೆ. ಡಬ್ಬಿಯ ಮೇಲಿನ ಬಣ್ಣದ ಗುರುತು ವಿಷದ ಪ್ರಮಾಣ ಹೇಳುತ್ತದೆ. ಕೆಂಪು ಎಲ್ಲಕ್ಕಿಂತ ಜೋರು, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಅಂಗಡಿಯವರು ಕೊಟ್ಟ ಡಬ್ಬಿಯ ಚೀಟಿಯಲ್ಲಿ ತೊಗರಿಯ ಹೆಸರು ಇದೆಯೇ ನೋಡಿ. ನಕಲಿ ಅನ್ನಿಸಿದರೆ ಮಾದರಿ ತೆಗೆದು ಪರೀಕ್ಷೆಗೆ ಕಳಿಸಬೇಕಾದವರು ತಾಲೂಕಿನ ಕೃಷಿ ಅಧಿಕಾರಿಗಳು. ಅದಕ್ಕೆ ದಿಲ್ಲಿಗೆ ಬರೆಯಬೇಕಾಗಿಲ್ಲ. ಬಿಲ್ ಮಾತ್ರ ಇಟ್ಟುಕೊಂಡಿರಬೇಕು.

ಗೊಬ್ಬರದ ಬಾಗಿಲು

2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ಸೊಸೈಟಿ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತದ್ದು ನೆನಪಿರಬಹುದು. ಚಪ್ಪಲಿ, ಆಧಾರ್ ಕಾರ್ಡ್ ಜೆರಾಕ್ಸ್ ಸಾಲಿನಲ್ಲಿಟ್ಟು ಜನ ಚಹಾಕ್ಕೆ ಹೋಗುತ್ತಿದ್ದರು. ಕೇಂದ್ರ ಕಡಿಮೆ ಕೊಟ್ಟಿದೆ ಅಂತ ರಾಜ್ಯ ಹೇಳಿತು. ಕೊಟ್ಟಿದ್ದೇವೆ, ಹಂಚಿಕೆ ಸರಿಯಿಲ್ಲ ಅಂತ ಕೇಂದ್ರ ಹೇಳಿತು. ಎರಡೂ ಕಡೆಯ ಹೇಳಿಕೆಗಳು ಟಿವಿಯಲ್ಲಿ ಬಂದವು.

ಗೊಬ್ಬರದ ವ್ಯವಸ್ಥೆ ಹೀಗಿದೆ. ಪ್ರತಿ ಹಂಗಾಮಿಗೆ ಯಾವ ರಾಜ್ಯಕ್ಕೆ ಎಷ್ಟು ಗೊಬ್ಬರ ಬೇಕು ಅಂತ ರಾಜ್ಯಗಳ ಜೊತೆ ಕೂತು ಅಂದಾಜು ಮಾಡುವುದು ಕೇಂದ್ರ ಕೃಷಿ ಸಚಿವಾಲಯ. ಅಷ್ಟನ್ನು ತಯಾರಿಸಿ ಅಥವಾ ಹೊರದೇಶದಿಂದ ತರಿಸಿ ರಾಜ್ಯಕ್ಕೆ ಮುಟ್ಟಿಸುವುದು, ಸಬ್ಸಿಡಿ ಕೊಡುವುದು ರಾಸಾಯನಿಕ ಮತ್ತು ರಸಗೊಬ್ಬರ ಸಚಿವಾಲಯ. ಇದು ಬೇರೆಯೇ ಮನೆ, ಇದಕ್ಕೆ ಬೇರೆಯೇ ಮಂತ್ರಿ. ರಾಜ್ಯದೊಳಗೆ ಯಾವ ಜಿಲ್ಲೆಗೆ, ಯಾವ ಸೊಸೈಟಿಗೆ ಎಷ್ಟು ಅನ್ನುವುದು ರಾಜ್ಯ ಕೃಷಿ ಇಲಾಖೆ. ಗುಣಮಟ್ಟದ ನಿಯಮ 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿದೆ. ಅದನ್ನು ಹೊರಡಿಸಿದ್ದು ಕೇಂದ್ರ, ಅಂಗಡಿಗೆ ಹೋಗಿ ತಪಾಸಣೆ ಮಾಡುವವರು ರಾಜ್ಯದವರು.

45 ಕೆ.ಜಿ. ಯೂರಿಯಾ ಚೀಲದ ಮೇಲೆ ₹266.50 ಅಂತ ಅಚ್ಚಾಗಿರುತ್ತದೆ. ಅದಕ್ಕಿಂತ ಹೆಚ್ಚು ಕೇಳಿದರೆ, ಅಥವಾ ಯೂರಿಯಾ ಬೇಕಾದರೆ ಇನ್ನೊಂದು ಡಬ್ಬಿಯನ್ನೂ ಕೊಳ್ಳಲೇಬೇಕು ಅಂದರೆ, ಅದು ತಾಲೂಕಿನಲ್ಲೇ ಬಗೆಹರಿಯಬೇಕಾದ ದೂರು. ಇಡೀ ಜಿಲ್ಲೆಗೇ ರೇಕ್ ಬಂದಿಲ್ಲ ಅಂದರೆ ಸಂಸದರನ್ನು ಕೇಳಬೇಕು. ರೇಕ್ ಬಂದಿದೆ, ನಮ್ಮ ಸೊಸೈಟಿಗೆ ಬಂದಿಲ್ಲ ಅಂದರೆ ಶಾಸಕರನ್ನು ಕೇಳಬೇಕು. ಈ ವ್ಯತ್ಯಾಸ ಗೊತ್ತಿದ್ದರೆ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕಿ ಜಾರಿಕೊಳ್ಳುವುದು ಕಷ್ಟ.

ಬೆಲೆಯ ಬಾಗಿಲು

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಂಬಲ ಬೆಲೆ.

1960ರ ದಶಕದಲ್ಲಿ ದೇಶಕ್ಕೆ ಅಮೆರಿಕದ ಗೋಧಿ ಹಡಗಿನಲ್ಲಿ ಬರುತ್ತಿತ್ತು. ಬೆಳೆ ಹೆಚ್ಚಬೇಕಾದರೆ ಬೆಳೆದವನಿಗೆ ಬೆಲೆಯ ಭರವಸೆ ಇರಬೇಕು ಅಂತ ಸಿ. ಸುಬ್ರಮಣಿಯಂ ಮಂತ್ರಿಯಾಗಿದ್ದಾಗ, 1965ರ ಜನವರಿಯಲ್ಲಿ ಕೃಷಿ ಬೆಲೆ ಆಯೋಗ ಬಂತು. ಅರ್ಥಶಾಸ್ತ್ರಜ್ಞ ಎಂ.ಎಲ್. ದಾಂತವಾಲಾ ಅದರ ಮೊದಲ ಅಧ್ಯಕ್ಷರು. 1985ರಲ್ಲಿ ಅದರ ಹೆಸರು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಅಂತಾಯಿತು. ಕೃಷಿ ಸಚಿವಾಲಯದ ಕೆಳಗಿರುವ ಈ ಆಯೋಗ 22 ಬೆಳೆಗಳಿಗೆ ಬೆಂಬಲ ಬೆಲೆ, ಕಬ್ಬಿಗೆ ನ್ಯಾಯಯುತ ದರ ಶಿಫಾರಸು ಮಾಡುತ್ತದೆ.

ಇಲ್ಲಿ "ಶಿಫಾರಸು" ಅನ್ನುವ ಪದ ಗಮನಿಸಿ. ತೀರ್ಮಾನ ಕೇಂದ್ರ ಸಂಪುಟದ್ದು. 2025ರ ಮೇ 28ರಂದು ಸಂಪುಟ 2025-26ರ ಮುಂಗಾರು ಬೆಳೆಗಳ ಬೆಲೆಗೆ ಒಪ್ಪಿಗೆ ಕೊಟ್ಟಿತು. ತೊಗರಿಗೆ ₹8,000 ಅಂತಾಯಿತು. ಹಿಂದಿನ ವರ್ಷ ₹7,550 ಇತ್ತು. ಒಂದು ಕ್ವಿಂಟಲ್ ತೊಗರಿ ಬೆಳೆಯಲು ದೇಶದ ಸರಾಸರಿ ಖರ್ಚು ₹5,038, ಅದರ ಮೇಲೆ ಶೇ. 59 ಸೇರಿದೆ ಅಂತ ಸರ್ಕಾರದ ಲೆಕ್ಕ.

ಈ ಖರ್ಚು ಯಾವುದು? ಬೀಜ, ಗೊಬ್ಬರ, ಔಷಧ, ಆಳು, ಟ್ರ್ಯಾಕ್ಟರ್ ಹೀಗೆ ಕೈಯಿಂದ ಹೋದ ದುಡ್ಡು, ಜೊತೆಗೆ ಮನೆಯವರ ದುಡಿಮೆಗೆ ಹಾಕಿದ ಕೂಲಿ. ಸ್ವಂತ ಹೊಲದ ಬಾಡಿಗೆ, ಹೂಡಿದ ಸ್ವಂತ ದುಡ್ಡಿನ ಬಡ್ಡಿ ಸೇರಿಸಿದರೆ ಬರುವ ಲೆಕ್ಕ ಇನ್ನೊಂದಿದೆ. ಅದನ್ನು ಸಿ-2 ಅನ್ನುತ್ತಾರೆ. ರೈತ ಸಂಘಟನೆಗಳು ಕೇಳುತ್ತಿರುವುದು ಸಿ-2 ಮೇಲೆ ಶೇ. 50. ಸರ್ಕಾರ ಕೊಡುತ್ತಿರುವುದು ಮೊದಲನೆಯದರ ಮೇಲೆ. ಎರಡೂ ಕಡೆಯವರು "ಒಂದೂವರೆ ಪಟ್ಟು" ಅಂತಲೇ ಹೇಳುತ್ತಾರೆ. ಯಾವುದರ ಒಂದೂವರೆ ಪಟ್ಟು ಅಂತ ಕೇಳಿದರೆ ಜಗಳ ಎಲ್ಲಿದೆ ಅಂತ ತಿಳಿಯುತ್ತದೆ.

ಇನ್ನೊಂದು ಮಾತು. ಬೆಂಬಲ ಬೆಲೆ ಘೋಷಣೆಯಾದರೆ ಅಡತಿಯಲ್ಲಿ ಆ ಬೆಲೆಗೇ ಕೊಳ್ಳಬೇಕು ಅಂತ ದೇಶದಲ್ಲಿ ಕಾನೂನಿಲ್ಲ. ಸರ್ಕಾರ ತಾನೇ ಖರೀದಿಗೆ ಇಳಿದರೆ ಮಾತ್ರ ಆ ಬೆಲೆ ಕೈಗೆ ಬರುತ್ತದೆ.

ಖರೀದಿ ಕೇಂದ್ರದ ಬಾಗಿಲು

ತೊಗರಿಯನ್ನು ಕೇಂದ್ರದ ಪರವಾಗಿ ಕೊಳ್ಳುವ ಸಂಸ್ಥೆಗಳಲ್ಲಿ ನಾಫೆಡ್ ದೊಡ್ಡದು. ಅದು ನೇರ ನಮ್ಮೂರಿಗೆ ಬರುವುದಿಲ್ಲ. ರಾಜ್ಯದ ಮಾರಾಟ ಮಹಾಮಂಡಳ, ಅದರ ಕೆಳಗೆ ನಮ್ಮ ಸೊಸೈಟಿಗಳು ಖರೀದಿ ಮಾಡಿಕೊಡುತ್ತವೆ. ಇದು ಶುರುವಾಗಬೇಕಾದರೆ ಮೊದಲು ರಾಜ್ಯ ಸರ್ಕಾರ ಪ್ರಸ್ತಾವ ಕಳಿಸಬೇಕು. ಎಷ್ಟು ಖರೀದಿಸಬಹುದು ಅಂತ ಕೃಷಿ ಸಚಿವಾಲಯ ಒಪ್ಪಿಗೆ ಕೊಡಬೇಕು. ಆಮೇಲೆ ನೋಂದಣಿ, ಆಮೇಲೆ ತೂಕ. ಸಾಮಾನ್ಯವಾಗಿ ಖರೀದಿಗೆ 90 ದಿನದ ಅವಧಿ. 2025ರಲ್ಲಿ ಕರ್ನಾಟಕಕ್ಕೆ ಇನ್ನೂ 30 ದಿನ ಕೊಟ್ಟು ಮೇ 1ರವರೆಗೆ ಮುಂದುವರಿಸಿದರು. ಆ ವರ್ಷ ರಾಜ್ಯ ಸರ್ಕಾರ ತನ್ನ ಕಡೆಯಿಂದ ಕ್ವಿಂಟಲ್‌ಗೆ ₹450 ಸೇರಿಸಿತ್ತು.

ಆಳಂದ ಕಡೆಯ ಒಬ್ಬ ಕಾಕಾ ನಮಗೆ ಹೇಳಿದ ಮಾತಿದು: "ತಮ್ಮಾ, ರೇಟ್ ಇಷ್ಟ್ ಅಂತ ಟಿವ್ಯಾಗ ಹೇಳ್ತಾರ, ಖರೇ ಅದ. ಖರೀದಿ ಚಾಲೂ ಆಗೂದ್ರಾಗ ನಮ್ಮ ತೊಗರಿ ಅಡತ್ಯಾಗ ಬಿದ್ದಿರ್ತದ. ಸಾಲ ಕೊಟ್ಟಾಂವ ಮನಿ ಮುಂದ ಬಂದು ಕುಂತ್ರ ಎಲ್ಲಿತನ ಕಾಯೂದು?"

ರಾಶಿ ಮುಗಿಯುವುದು ಡಿಸೆಂಬರ್, ಜನವರಿಯಲ್ಲಿ. ಖರೀದಿ ಕೇಂದ್ರ ಒಂದು ತಿಂಗಳು ತಡವಾಗಿ ತೆರೆದರೆ ಸಾಲ ಇರುವ ಸಣ್ಣ ರೈತ ಅಷ್ಟರಲ್ಲಿ ಮಾರಿ ಮುಗಿಸಿರುತ್ತಾನೆ. ಇಟ್ಟುಕೊಳ್ಳುವ ಶಕ್ತಿ ಇದ್ದವನಿಗೆ ಬೆಂಬಲ ಬೆಲೆ ಸಿಗುತ್ತದೆ. ಎಷ್ಟು ಬೆಲೆ ಅನ್ನುವಷ್ಟೇ ಮುಖ್ಯವಾದ ಪ್ರಶ್ನೆ ಯಾವತ್ತು ಅನ್ನುವುದು. ರಾಜ್ಯ ಪ್ರಸ್ತಾವ ಕಳಿಸಿದ ದಿನ, ಕೇಂದ್ರ ಒಪ್ಪಿದ ದಿನ, ತೂಕ ಶುರುವಾದ ದಿನ, ಈ ಮೂರು ದಿನಾಂಕ ಕೇಳಿದರೆ ತಡ ಯಾರದು ಅಂತ ಕಣ್ಣಿಗೆ ಕಾಣುತ್ತದೆ.

ಕೇಂದ್ರ ತೆರೆದ ಮೇಲೂ ಅಡ್ಡಿಗಳಿವೆ. ತೇವಾಂಶ ಶೇ. 12 ಮೀರಬಾರದು. ಎಕರೆಗೆ ಇಷ್ಟು, ಒಬ್ಬರಿಂದ ಇಷ್ಟು ಅಂತ ಮಿತಿ ಇರುತ್ತದೆ. ಫ್ರೂಟ್ಸ್ ಐಡಿ ಇರಬೇಕು. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ತೊಗರಿ ಅಂತಲೇ ದಾಖಲಾಗಿರಬೇಕು. ಅಲ್ಲಿ ಹೆಸರು ಅಥವಾ ಸೋಯಾ ಅಂತ ಬಿದ್ದಿದ್ದರೆ ಟ್ರ್ಯಾಕ್ಟರ್ ತುಂಬ ತೊಗರಿ ಕಣ್ಣೆದುರಿಗಿದ್ದರೂ ಕಂಪ್ಯೂಟರ್ ಒಪ್ಪುವುದಿಲ್ಲ. ನಾವು ಹೋಗಿದ್ದ ಒಂದು ಖರೀದಿ ಕೇಂದ್ರದಲ್ಲಿ ಒಬ್ಬ ಅಜ್ಜಿಯ ಹೆಬ್ಬೆರಳಿನ ಗುರುತು ಯಂತ್ರಕ್ಕೆ ಹತ್ತಲೇ ಇಲ್ಲ. ಕಳೆ ಕಿತ್ತು ಕಿತ್ತು ಬೆರಳಿನ ಗೆರೆ ಸವೆದಿತ್ತು. ಬೆಳೆ ಸಮೀಕ್ಷೆಯ ತಪ್ಪು ದಿಲ್ಲಿಯದ್ದಲ್ಲ. ಆಕ್ಷೇಪಣೆ ಹಾಕುವ ಅವಧಿಯಲ್ಲಿ ಮೊಬೈಲಿನಲ್ಲೇ ನೋಡಿ, ಗ್ರಾಮ ಆಡಳಿತಾಧಿಕಾರಿ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಸರಿ ಮಾಡಿಸಬೇಕಾದದ್ದು.

ಬಂದರಿನ ಬಾಗಿಲು

ಬೆಂಬಲ ಬೆಲೆ ಏರುತ್ತಾ ಹೋದರೂ ಅಡತಿಯ ದರ ಯಾಕೆ ಇಳಿಯುತ್ತದೆ? ಬೆಳೆ ಚೆನ್ನಾಗಿ ಬಂದರೆ ಇಳಿಯುವುದು ಒಂದು ಕಾರಣ. ಇನ್ನೊಂದು ಕಾರಣ ಮುಂಬೈ, ಚೆನ್ನೈ ಬಂದರುಗಳಲ್ಲಿದೆ.

ಮೊಜಾಂಬಿಕ್, ತಾಂಜಾನಿಯಾ, ಮಲಾವಿ, ಮ್ಯಾನ್ಮಾರ್‌ನಿಂದ ತೊಗರಿ ಹಡಗಿನಲ್ಲಿ ಬರುತ್ತದೆ. ಮೊದಲು ಇದಕ್ಕೆ ಮಿತಿ ಇತ್ತು. 2021ರ ಮೇ ತಿಂಗಳಲ್ಲಿ ಆಮದನ್ನು ಮುಕ್ತ ಮಾಡಿದರು. ಗಡುವು ಮುಗಿದಂತೆಲ್ಲ ಮುಂದೂಡುತ್ತಾ ಬಂದು, 2025ರಲ್ಲಿ ಮತ್ತೆ 2026ರ ಮಾರ್ಚ್ 31ರವರೆಗೆ ಸುಂಕವಿಲ್ಲದ ಆಮದಿಗೆ ಅವಕಾಶ ಕೊಟ್ಟರು. ಆಮದಿನ ಆದೇಶ ಹೊರಡುವುದು ವಾಣಿಜ್ಯ ಸಚಿವಾಲಯದ ಕೆಳಗಿನ ವಿದೇಶ ವ್ಯಾಪಾರ ನಿರ್ದೇಶನಾಲಯದಿಂದ. ಸುಂಕ ಹಣಕಾಸು ಸಚಿವಾಲಯದ್ದು. ಕೃಷಿ ಸಚಿವಾಲಯ ಅಭಿಪ್ರಾಯ ಹೇಳಬಹುದು, ಸಹಿ ಹಾಕುವ ಕೈ ಬೇರೆ.

ಅಂಗಡಿಯಲ್ಲಿ ಬೇಳೆ ದರ ಏರಿದರೆ ಎದ್ದು ಕೂರುವುದು ಗ್ರಾಹಕ ವ್ಯವಹಾರ, ಆಹಾರ ಮತ್ತು ಸಾರ್ವಜನಿಕ ವಿತರಣಾ ಸಚಿವಾಲಯ. 2023ರ ಜೂನ್‌ನಲ್ಲಿ ತೊಗರಿ, ಉದ್ದಿನ ದಾಸ್ತಾನಿಗೆ ಅದು ಮಿತಿ ಹಾಕಿತು. ವ್ಯಾಪಾರಿ ಇಷ್ಟಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಅಂದರೆ ಅವನು ರೈತನಿಂದ ಕೊಳ್ಳುವುದನ್ನೂ ಹಿಡಿಯುತ್ತಾನೆ. ಬೆಲೆ ಸ್ಥಿರತೆಗೆ ಅಂತ ಇರುವ ನಿಧಿ ಮೊದಲು ಕೃಷಿ ಸಚಿವಾಲಯದಲ್ಲಿತ್ತು. 2016ರಲ್ಲಿ ಅದನ್ನೂ ಗ್ರಾಹಕರ ಸಚಿವಾಲಯಕ್ಕೆ ಕೊಟ್ಟರು.

ನಗರದಲ್ಲಿ ಕೂಲಿ ಮಾಡುವವರಿಗೆ ಬೇಳೆ ಅಗ್ಗವಾಗಿ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮೂರಿನವರೇ ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋಗಿ ಆ ಬೇಳೆಯನ್ನು ಕೊಂಡು ತಿನ್ನುತ್ತಾರೆ. ಪ್ರಶ್ನೆ ಇರುವುದು ಆ ಅಗ್ಗದ ಖರ್ಚನ್ನು ಯಾರು ಹೊರಬೇಕು ಅನ್ನುವುದರಲ್ಲಿ. ಸರ್ಕಾರದ ಬೊಕ್ಕಸ ಹೊತ್ತರೆ ಅದು ಬಜೆಟ್ ಪುಸ್ತಕದಲ್ಲಿ ಕಾಣುತ್ತದೆ. ಬೆಲೆ ಇಳಿಸಿ ರೈತನ ಮೇಲೆ ಹೊರಿಸಿದರೆ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಒಂದು ಸಚಿವಾಲಯ ಮೇ ತಿಂಗಳಲ್ಲಿ ಕ್ವಿಂಟಲ್‌ಗೆ ₹450 ಏರಿಸಿದೆ ಅಂತ ಹೇಳುವಾಗ ಇನ್ನೊಂದರ ಬಂದರಿನ ಬಾಗಿಲು ತೆರೆದೇ ಇದ್ದರೆ, ಎರಡರ ಲೆಕ್ಕವನ್ನೂ ಒಟ್ಟಿಗೆ ಕೇಳಬೇಕಾದವರು ನಾವು.

ಇನ್ನೊಂದು ಉದಾಹರಣೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ನೋಂದಣಿ ಕಚೇರಿ ಚೆನ್ನೈನಲ್ಲಿದೆ, ಅದೂ ವಾಣಿಜ್ಯ ಸಚಿವಾಲಯದ್ದೇ. ನಮ್ಮ ತೊಗರಿಯ ಹೆಸರನ್ನು ಕಾಯುವ ಮನೆಯೂ ಹೊರಗಿನ ತೊಗರಿಗೆ ದಾರಿ ಬಿಡುವ ಮನೆಯೂ ಒಂದೇ.

ವಿಮೆಯ ಬಾಗಿಲು, ಪಹಣಿಯ ಬಾಗಿಲು

ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಲ್ಲಿ ಶುರುವಾಯಿತು. ಮುಂಗಾರು ತೊಗರಿಗೆ ರೈತ ಕಟ್ಟಬೇಕಾದದ್ದು ವಿಮಾ ಮೊತ್ತದ ಶೇ. 2. ಮೊತ್ತ ₹20,000 ಇದ್ದರೆ ₹400. ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳುತ್ತವೆ. ನಿಯಮ ಬರೆಯುವುದು ಕೇಂದ್ರ ಕೃಷಿ ಸಚಿವಾಲಯ. ಯಾವ ಬೆಳೆ, ಯಾವ ಪಂಚಾಯಿತಿ, ಯಾವ ಕಂಪನಿ ಅಂತ ತೀರ್ಮಾನಿಸುವುದು, ಬೆಳೆ ಕಟಾವು ಪ್ರಯೋಗ ಮಾಡಿ ಇಳುವರಿ ಲೆಕ್ಕ ಕೊಡುವುದು ರಾಜ್ಯ.

ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೇ ಘಟಕ. ಹಾಗಾಗಿ ನಿಮ್ಮೊಬ್ಬರ ಹೊಲ ಹೋದರೂ ಪಂಚಾಯಿತಿಯ ಸರಾಸರಿ ಚೆನ್ನಾಗಿದ್ದರೆ ಪರಿಹಾರ ಬರುವುದಿಲ್ಲ. ಆಲಿಕಲ್ಲು, ಹೊಲ ಮುಳುಗಡೆಯಂಥ ಸ್ಥಳೀಯ ನಷ್ಟಕ್ಕೆ ಮಾತ್ರ ಒಂದೊಂದು ಹೊಲದ ಲೆಕ್ಕವಿದೆ. ಅದಕ್ಕೆ 72 ಗಂಟೆಯೊಳಗೆ ತಿಳಿಸಬೇಕು. 14447 ನಂಬರಿಗೆ ಫೋನ್ ಮಾಡಬಹುದು. ಫೋನ್ ಮಾಡಿದಾಗ ಕೊಟ್ಟ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಕಟಾವು ಪ್ರಯೋಗ ನಿಮ್ಮ ಪಂಚಾಯಿತಿಯಲ್ಲಿ ಯಾರ ಹೊಲದಲ್ಲಿ, ಯಾವ ದಿನ ನಡೆಯುತ್ತದೆ ಅಂತ ಮೊದಲೇ ಕೇಳಿ, ನಾಲ್ಕು ಜನ ಅಲ್ಲಿ ನಿಂತು ನೋಡಿ. ಇಡೀ ಪಂಚಾಯಿತಿಯ ಪರಿಹಾರ ಆ ಸಣ್ಣ ಜಾಗದ ತೂಕದ ಮೇಲೆ ನಿಂತಿರುತ್ತದೆ.

ಪಿಎಂ ಕಿಸಾನ್ 2019ರಲ್ಲಿ ಬಂತು. ವರ್ಷಕ್ಕೆ ₹6,000, ಮೂರು ಕಂತು. ಇದು ಜಮೀನು ಹೆಸರಿನಲ್ಲಿರುವ ಕುಟುಂಬಗಳಿಗೆ ಮಾತ್ರ. ಲಾವಣಿಗೆ ಮಾಡುವವರು, ಪಾಲಿಗೆ ಮಾಡುವವರು ಇದರಲ್ಲಿಲ್ಲ.

ನಮ್ಮಲ್ಲೊಬ್ಬರ ತಾಯಿ ಇಪ್ಪತ್ತು ವರ್ಷದಿಂದ ತೊಗರಿ ಬಿತ್ತಿ, ಕಳೆ ತೆಗೆದು, ಕೊಯ್ದು, ರಾಶಿ ಮಾಡುತ್ತಿದ್ದಾರೆ. ಪಹಣಿ ಇನ್ನೂ ತೀರಿಹೋದ ಮಾವನ ಹೆಸರಿನಲ್ಲಿದೆ. ಪೌತಿ ಖಾತೆ ಆಗಿಲ್ಲ, ಅಣ್ಣತಮ್ಮಂದಿರ ನಡುವೆ ಮಾತು ಮುಗಿದಿಲ್ಲ. ಹಾಗಾಗಿ ಆಕೆಗೆ ಪಿಎಂ ಕಿಸಾನ್ ಇಲ್ಲ, ಖರೀದಿ ಕೇಂದ್ರದಲ್ಲಿ ಹೆಸರಿಲ್ಲ, ವಿಮೆಗೆ ಕಾಗದವಿಲ್ಲ. ದಿಲ್ಲಿಯ ಎಲ್ಲ ಯೋಜನೆಗಳೂ ಕೊನೆಗೆ ನಮ್ಮ ನಾಡಕಚೇರಿಯ ಒಂದು ದಾಖಲೆಯ ಮೇಲೆ ನಿಂತಿವೆ. ಆ ದಾಖಲೆಯಲ್ಲಿ ಹೆಸರಿಲ್ಲದವರು, ಅದರಲ್ಲೂ ಹೆಣ್ಣುಮಕ್ಕಳು, ಎಷ್ಟು ದುಡಿದರೂ ಸರ್ಕಾರದ ಕಣ್ಣಿಗೆ ರೈತರಾಗಿ ಕಾಣುವುದಿಲ್ಲ. ಮೊದಲು ತಟ್ಟಬೇಕಾದ ಬಾಗಿಲು ಹಲವರಿಗೆ ತಹಶೀಲ್ದಾರರದ್ದೇ.

ಬೇರೆ ಬೆಳೆಯವರಿಗೆ ಎರಡು ಮಾತು

ಕಾಫಿ ಮಂಡಳಿಯ ಕಚೇರಿ ಬೆಂಗಳೂರಿನಲ್ಲೇ ಇದೆ, ಅದು ವಾಣಿಜ್ಯ ಸಚಿವಾಲಯದ್ದು. ಮೆಣಸು, ಏಲಕ್ಕಿ ನೋಡುವ ಸಾಂಬಾರ ಮಂಡಳಿ, ತಂಬಾಕು ಮಂಡಳಿಗಳೂ ಅಲ್ಲಿಗೇ ಸೇರಿದವು. ರೇಷ್ಮೆ ಮಂಡಳಿ ಜವಳಿ ಸಚಿವಾಲಯದ್ದು, ಹತ್ತಿಯನ್ನು ಬೆಂಬಲ ಬೆಲೆಗೆ ಕೊಳ್ಳುವ ಹತ್ತಿ ನಿಗಮವೂ ಅದರದ್ದೇ. ತೆಂಗು ಅಭಿವೃದ್ಧಿ ಮಂಡಳಿ ಮಾತ್ರ ಕೃಷಿ ಸಚಿವಾಲಯದ್ದು. ಕಬ್ಬಿನ ದರ ಶಿಫಾರಸು ಮಾಡುವುದು ಕೃಷಿ ಸಚಿವಾಲಯದ ಆಯೋಗ, ಸಕ್ಕರೆ ಆಹಾರ ಸಚಿವಾಲಯದ್ದು. ನಬಾರ್ಡ್ ಇರುವುದು ಹಣಕಾಸಿನವರ ಕಡೆ.

ಯಾವ ತಿಂಗಳಲ್ಲಿ ಏನು ಕೇಳಬೇಕು

ತೊಗರಿ ಬೆಳೆಯುವ ಊರಿನವರು ಇಷ್ಟನ್ನು ಪಂಚಾಯಿತಿ ಗೋಡೆಗೆ ಅಂಟಿಸಿಕೊಂಡರೂ ಸಾಕು.

ಮಾರ್ಚ್‌ಗೆ ಮೊದಲು ಸಂಸದರನ್ನು ಕೇಳಿ: ಈ ವರ್ಷ ತೊಗರಿ ಆಮದಿಗೆ ಏನು ನಿಯಮ, ಎಷ್ಟು ಸುಂಕ, ನೀವು ಏನು ಹೇಳಿದ್ದೀರಿ?

ಮುಂಗಾರಿಗೆ ಮೊದಲು ಕೃಷಿ ಇಲಾಖೆಯನ್ನು ಕೇಳಿ: ನಮ್ಮ ಹೋಬಳಿಗೆ ನೆಟೆ ತಡೆಯುವ ತಳಿಯ ಬೀಜ ಎಷ್ಟು ಬರುತ್ತದೆ? ವಿಮೆ ಕಟ್ಟಲು ಕೊನೆಯ ದಿನ ಯಾವತ್ತು?

ಬೆಳೆ ಸಮೀಕ್ಷೆ ಮುಗಿದ ಕೂಡಲೇ ನಿಮ್ಮ ಸರ್ವೆ ನಂಬರಿನ ಎದುರು ಏನು ಬರೆದಿದೆ ಅಂತ ನೋಡಿ. ನೆರೆಮನೆಯವರದ್ದನ್ನೂ ನೋಡಿ ಹೇಳಿ.

ಅಕ್ಟೋಬರ್, ನವೆಂಬರ್‌ನಲ್ಲಿ ಶಾಸಕರನ್ನು ಕೇಳಿ: ಖರೀದಿಗೆ ರಾಜ್ಯ ಪ್ರಸ್ತಾವ ಕಳಿಸಿದೆಯೇ? ನಮ್ಮ ಕೇಂದ್ರ ಯಾವ ದಿನ ತೆರೆಯುತ್ತದೆ?

ಬಾಯಿ ಮಾತಿಗೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ ₹10, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ಅರ್ಜಿಯಲ್ಲಿ ದೊಡ್ಡ ಮಾತು ಬೇಡ. ಪ್ರಸ್ತಾವ ಕಳಿಸಿದ ದಿನಾಂಕ, ಒಪ್ಪಿಗೆ ಬಂದ ದಿನಾಂಕ, ಖರೀದಿ ಶುರುವಾದ ದಿನಾಂಕ ಅಂತ ಮೂರು ಸಾಲು ಬರೆದರೆ ಆಯಿತು. ಬರೆಯಲು ಕಷ್ಟವಾದರೆ ಊರಿನಲ್ಲಿ ಪಿಯುಸಿ ಓದುವ ಮಕ್ಕಳಿಗೆ ಹೇಳಿ. ಉತ್ತರ ಬಂದರೆ ನಮಗೂ ಒಂದು ಫೋಟೋ ಕಳಿಸಿ, ಬೇರೆ ಊರಿನವರಿಗೆ ಮುಟ್ಟಿಸುತ್ತೇವೆ.